ಆಲ್ಟರ್ನೇಟರ್ ಬಿಚ್ಚುವ ಮೊದಲು ಅರ್ತಿಂಗ್ ನೋಡಿ

ಹಳೇ ಕಾರಿನ ಬ್ಯಾಟರಿ ಪದೇ ಪದೇ ಇಳಿದರೆ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಹೋಗಿದೆ ಎಂದೇ ತಿಳಿಯಿರಿ ಅಂತ ಬರೆದಿದ್ದೀರಿ. ಅಷ್ಟು ಬೇಗ ತೀರ್ಪು ಕೊಡಬೇಡಿ ಸಾರ್. ನಮ್ಮ 1998ರ ಕಾರಿಗೆ ಹೊಸ ಬ್ಯಾಟರಿ ಹಾಕಿಸಿದ ಮೇಲೂ ಬೆಳಗ್ಗೆ ಸೆಲ್ಫ್ ಎಳೆಯುತ್ತಲೇ ಇರಲಿಲ್ಲ. ಡ್ಯಾಶ್‌ಬೋರ್ಡಿನ ಚಾರ್ಜ್ ಆಗದಿದ್ದರೆ ಹತ್ತುವ ಕೆಂಪು ದೀಪವೂ ಹತ್ತುತ್ತಿರಲಿಲ್ಲ. ಗ್ಯಾರೇಜಿನವರು ಆಲ್ಟರ್ನೇಟರ್ ಬದಲಿಸೋಣ ಅಂದರು.

ಮನೆಗೆ ಬಂದು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದೆ. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ಇರಬೇಕು, ಅಲ್ವಾ? ಇದ್ದದ್ದು 12.4. ಆಲ್ಟರ್ನೇಟರಿನ ದಪ್ಪ ವೈರಿನ ಬೋಲ್ಟಿಗೂ ಅದರ ಬಾಡಿಗೂ ಹಿಡಿದರೆ 14.2! ಅಂದರೆ ಅದು ಸರಿಯಾಗೇ ದುಡಿಯುತ್ತಿದೆ, ವೋಲ್ಟೇಜ್ ಬ್ಯಾಟರಿಗೆ ಹೋಗುವ ದಾರಿಯಲ್ಲಿ ಇಳಿದುಹೋಗುತ್ತಿದೆ. ಹೆಡ್‌ಲೈಟ್ ಹಾಕಿ, ಆಲ್ಟರ್ನೇಟರ್ ಬಾಡಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ನೋಡಿದೆ. 0.2 ವೋಲ್ಟ್ ಮೀರಬಾರದ ಕಡೆ 1.7 ತೋರಿಸಿತು. ಅಂದರೆ ತೊಂದರೆ ಅರ್ತಿಂಗಿನಲ್ಲಿ, ಕಾರಿನ ಬಾಡಿಯ ಮೂಲಕ ಬ್ಯಾಟರಿಯ ನೆಗೆಟಿವ್ ಸೇರುವ ದಾರಿಯಲ್ಲಿ.

ಗೇರ್‌ಬಾಕ್ಸ್ ಹತ್ತಿರದ ಅರ್ತಿಂಗ್ ಪಟ್ಟಿ (ಇಂಜಿನ್ನನ್ನು ಕಾರಿನ ಬಾಡಿಗೆ ಜೋಡಿಸುವ ತಂತಿಯ ಪಟ್ಟಿ) ಬಿಚ್ಚಿದರೆ ಒಳಗೆಲ್ಲ ಹಸಿರು ಕಿಲುಬು. ಮುಟ್ಟಿದರೆ ಎಳೆಗಳು ಪುಡಿಪುಡಿ. ಹೊಸ ಪಟ್ಟಿ ಹಾಕಿ, ಬೋಲ್ಟಿನ ಜಾಗ ಉಪ್ಪುಕಾಗದದಲ್ಲಿ ಉಜ್ಜಿದೆ. ಅಷ್ಟೇ.

ಇನ್ನೊಂದು. ಓಡುವ ಇಂಜಿನ್ನಲ್ಲಿ ಬ್ಯಾಟರಿ ಟರ್ಮಿನಲ್ ಕಿತ್ತು ಆಲ್ಟರ್ನೇಟರ್ ಪರೀಕ್ಷೆ ಮಾಡುವವರಿದ್ದಾರೆ. ಬೇಡ, ವೋಲ್ಟೇಜ್ ಒಮ್ಮೆಲೇ ಏರಿ ಅದರೊಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಸುಟ್ಟೀತು. ಆಗ ಆಲ್ಟರ್ನೇಟರ್ ನಿಜಕ್ಕೂ ಹೋಗುತ್ತೆ.