ಕಾಂಕ್ರೀಟ್ ನೆಲ ಬ್ಯಾಟರಿಯನ್ನು ಬರಿದು ಮಾಡುವುದಿಲ್ಲ

ಚಳಿಗಾಲಕ್ಕೆಂದು ಪ್ರವಾಸದ ಟ್ರೇಲರ್‌ನಿಂದ (ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಗಾಲಿಮನೆ) ಬಿಚ್ಚಿದ ಬ್ಯಾಟರಿಯನ್ನು ಕಾಂಕ್ರೀಟ್ ನೆಲದ ಮೇಲಿಟ್ಟರೆ ಚಾರ್ಜ್ ನೆಲಕ್ಕೆ ಇಳಿದುಹೋಗುತ್ತದೆ ಎಂಬ ಸಂದೇಶ ಅಮೆರಿಕ, ಕೆನಡಾಗಳ ಟ್ರೇಲರ್ ಮಾಲೀಕರ ನಡುವೆ ಮತ್ತೆ ಮತ್ತೆ ಹರಿದಾಡುತ್ತದೆ. ಇಂದಿನ ಬ್ಯಾಟರಿಗಳ ಮಟ್ಟಿಗೆ ಇದು ನಿಜವಲ್ಲ. ಮರದ ಪೆಟ್ಟಿಗೆಯ ಬ್ಯಾಟರಿಗಳಿದ್ದ ಕಾಲದಲ್ಲಿ ತೇವದಿಂದ ಅಂಥ ನಷ್ಟ ಸಾಧ್ಯವಿತ್ತು, ಆದ್ದರಿಂದ ಹಿರಿಯರ ಎಚ್ಚರಿಕೆ ನಿರಾಧಾರವಾಗಿರಲಿಲ್ಲ. ಆದರೆ ಈಗಿನ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಕವಚ ವಿದ್ಯುತ್ತನ್ನು ಹರಿಯಗೊಡುವುದಿಲ್ಲ.

ಲೆಡ್-ಆಸಿಡ್ (ಸೀಸ ಮತ್ತು ಆಮ್ಲದ) ಬ್ಯಾಟರಿ ಎಲ್ಲಿಟ್ಟರೂ ತಾನಾಗಿ ನಿಧಾನವಾಗಿ ಇಳಿಯುತ್ತದೆ, ಸೆಕೆಯಲ್ಲಿ ಇನ್ನೂ ಬೇಗ. ಟ್ರೇಲರ್‌ನಲ್ಲೇ ಬಿಟ್ಟಿದ್ದರೆ, ದೀಪಗಳನ್ನೆಲ್ಲ ಆರಿಸಿದ ಮೇಲೂ ಗ್ಯಾಸ್ ಸೋರಿಕೆ ಪತ್ತೆಹಚ್ಚುವ ಸಾಧನದಂಥವು ವಿದ್ಯುತ್ ಎಳೆಯುತ್ತಲೇ ಇರುತ್ತವೆ. ಆ ಎಳೆತ ಕೇವಲ 0.1 ಆಂಪಿಯರ್ ಇದ್ದರೂ ದಿನಕ್ಕೆ 2.4 ಆಂಪಿಯರ್-ಗಂಟೆ (ಆಂಪಿಯರನ್ನು ಗಂಟೆಗಳಿಂದ ಗುಣಿಸಿದ ಅಳತೆ) ಖರ್ಚಾಗಿ, 100 ಆಂಪಿಯರ್-ಗಂಟೆಯ ಬ್ಯಾಟರಿ ಸುಮಾರು 3 ವಾರಗಳಲ್ಲಿ ಅರ್ಧಕ್ಕಿಳಿಯುತ್ತದೆ. ನೆಲವನ್ನು ದೂರುತ್ತ ಕುಳಿತರೆ ಈ ನಿಜವಾದ ಕಾರಣ ಕಣ್ಣಿಗೆ ಬೀಳುವುದೇ ಇಲ್ಲ ಎಂಬುದೇ ನನ್ನ ಕಳವಳ.

ಯಾರು ಬೇಕಾದರೂ ಪರೀಕ್ಷಿಸಬಹುದು. ಒಂದೇ ಬಗೆಯ, ಒಂದೇ ವಯಸ್ಸಿನ ಎರಡು ಬ್ಯಾಟರಿಗಳನ್ನು ಪೂರ್ತಿ ಚಾರ್ಜ್ ಮಾಡಿ, ಮೇಲ್ಭಾಗದ ಕೊಳೆಯನ್ನು ಒರೆಸಿ, ಒಂದನ್ನು ನೆಲದ ಮೇಲೆಯೂ ಇನ್ನೊಂದನ್ನು ಹಲಗೆಯ ಮೇಲೆಯೂ ಒಂದೇ ಕೋಣೆಯಲ್ಲಿಟ್ಟು, ತಿಂಗಳ ನಂತರ ವೋಲ್ಟ್ ತೋರಿಸುವ ಮಲ್ಟಿಮೀಟರ್‌ನಿಂದ ಅಳೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಅಳತೆ ತೋರಿಸಿದರೆ ನೆಲದ ತಪ್ಪಿಲ್ಲ. ವಿಶ್ರಾಂತಿಯಲ್ಲಿರುವ, ಅಂದರೆ ಚಾರ್ಜ್ ಆಗದೆ ಬಳಕೆಯಲ್ಲೂ ಇಲ್ಲದ 12 ವೋಲ್ಟ್ ಬ್ಯಾಟರಿ ತೋರಿಸುವ ಸುಮಾರು 12.6 ವೋಲ್ಟ್ ಪೂರ್ಣ ಚಾರ್ಜ್‌ನ ಗುರುತು, 12.2ರ ಆಸುಪಾಸಿಗೆ ಬಂದಿದ್ದರೆ ಅರ್ಧ ಖಾಲಿಯಾಗಿದೆ, ತಡಮಾಡದೆ ಚಾರ್ಜ್ ಮಾಡಬೇಕು.