ಸತ್ಯಾಂಶ: ಕಂದಾಯದ ರಸೀದಿ ಹಕ್ಕುಪತ್ರವಲ್ಲ

‘ಕಂದಾಯ ಕಟ್ಟಿದ ರಸೀದಿ ಇದ್ದರೆ ಸಾಕು, ನಿವೇಶನ ನಿಮ್ಮದೇ, ಮನೆಯೂ ಸಕ್ರಮ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಮೈಸೂರು, ಹುಬ್ಬಳ್ಳಿ-ಧಾರವಾಡದಂಥ ಪಾಲಿಕೆಗಳಿಗೆ ಅನ್ವಯಿಸುವ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆಯಡಿ ಅನಧಿಕೃತ ಕಟ್ಟಡಕ್ಕೂ ಆಸ್ತಿ ತೆರಿಗೆ ವಿಧಿಸಬಹುದು. ವಸೂಲಿ ಮಾಡಿದ ಮಾತ್ರಕ್ಕೆ ಅದು ಸಕ್ರಮವಾಗುವುದಿಲ್ಲ, ಮಾಲೀಕತ್ವವೂ ಸಿಗುವುದಿಲ್ಲ. ಅಂಥವುಗಳಿಗೆ ಪ್ರತ್ಯೇಕ ವಹಿಯಿದೆ. ಜನರ ಬಾಯಲ್ಲಿ ಅದೇ ‘ಬಿ ಖಾತಾ’.

‘ಮತ್ತೆ ದುಡ್ಡು ಏಕೆ ತೆಗೆದುಕೊಳ್ಳುತ್ತಾರೆ?’ ಎಂಬ ಸಿಟ್ಟು ಸಹಜ. ಆದರೆ ಬೀದಿದೀಪ, ಚರಂಡಿ, ಕಸದ ಗಾಡಿಯನ್ನು ಎಲ್ಲರೂ ಬಳಸುವಾಗ ನಕ್ಷೆ ಮಂಜೂರು ಮಾಡಿಸಿಕೊಂಡವರಷ್ಟೇ ಖರ್ಚು ಹೊರುವುದು ಯಾವ ನ್ಯಾಯ?

ನಿವೇಶನ ಕೊಳ್ಳುವವರು ಮುಂಗಡ ಕೊಡುವ ಮೊದಲು ಕ್ರಯಪತ್ರ, ಋಣಭಾರ ಪ್ರಮಾಣಪತ್ರ (ಆಸ್ತಿಯ ಮೇಲೆ ನೋಂದಾಯಿತ ಅಡಮಾನ, ಮಾರಾಟ ಇತ್ಯಾದಿ ಇವೆಯೇ ಎಂದು ತೋರಿಸುವ ‘ಇ.ಸಿ.’), ಭೂಪರಿವರ್ತನೆ ಆದೇಶ (ಕೃಷಿ ಭೂಮಿಯನ್ನು ಬೇರೆ ಬಳಕೆಗೆ ಬದಲಿಸಿದ ಆದೇಶ) ಮತ್ತು ಅನುಮೋದಿತ ಬಡಾವಣೆ ನಕ್ಷೆಯನ್ನು ಕೇಳಿ ನೋಡಬೇಕು.