ಮೀನು ಖಾಲಿಯಾಗಲು ನೀರುನಾಯಿ ಕಾರಣವಲ್ಲ

‘ತುಂಗಭದ್ರೆಯಲ್ಲಿ ನೀರುನಾಯಿ ಜಾಸ್ತಿಯಾಗಿ ಮೀನೆಲ್ಲ ಖಾಲಿ’ ಅನ್ನೋ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ನೀರುನಾಯಿ ಈ ಹೊಳೆಗೆ ಹೊಸದಲ್ಲ. ಅದಕ್ಕಾಗಿಯೇ 2015ರಲ್ಲಿ ಮುದ್ಲಾಪುರದಿಂದ ಕಂಪ್ಲಿವರೆಗೆ ಸುಮಾರು 34 ಕಿ.ಮೀ. ನದಿಯನ್ನು ಸರ್ಕಾರ ನೀರುನಾಯಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿತು. ದಡದ ಬಂಡೆ ಮೇಲೆ ಅವುಗಳ ಹಿಕ್ಕೆ ನೋಡಿ: ಮೀನಿನ ಮುಳ್ಳು, ಹುರುಪೆ, ನಡುವೆ ಏಡಿಯ ಚಿಪ್ಪಿನ ಚೂರು. ಮೀನು ತಿನ್ನುತ್ತವೆ, ಸುಳ್ಳಲ್ಲ. ಆದರೆ ಹೊಟ್ಟೆಗೆ ಬೇಕಾದಷ್ಟೇ ಅಲ್ವಾ? ಮೀನು ಹಿಡಿಯಲು ಮಡುವಿನಲ್ಲಿ ಒಂದು ಡೈನಮೈಟ್ ಸಿಡಿಸಿದರೆ ಮರಿಮೀನೂ ಉಳಿಯುವುದಿಲ್ಲ. ಆ ಪಾಪವನ್ನು ಸುಮ್ನೆ ನೀರುನಾಯಿ ತಲೆಗೆ ಕಟ್ಟುತ್ತಿದ್ದೇವೆ.

ನೀರುನಾಯಿ ಬಲೆ ಹರಿಯುವುದೂ ನಿಜ, ಮೀನುಗಾರರಿಗೆ ಅದು ಸಣ್ಣ ನಷ್ಟವಲ್ಲ. ಹಾಗಂತ ಹೊಡೆದು ಕೊಂದರೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.